ಮೇಲಿನ ಮನೆಯ ಮೀಟರು

ನನ್ನದು ಕನ್ನಡಕದ ಅಂಗಡಿ. ಗಿರಾಕಿ ಬರುತ್ತಾನೆ, ಕನ್ನಡಕ ಕೊಡುತ್ತೇನೆ, ದುಡ್ಡು ತೆಗೆದುಕೊಳ್ಳುತ್ತೇನೆ, ವ್ಯವಹಾರ ಮುಗಿಯುತ್ತದೆ. ಮನೆ ಮಾರುವುದೂ ಇಷ್ಟೇ ಇರಬೇಕು ಎಂದುಕೊಂಡಿದ್ದೆ. ಬೀಗದ ಕೈ ಆ ಕಡೆ, ದುಡ್ಡು ಈ ಕಡೆ.

ಹೆಂಡತಿಯ ಮಂಡಿ ಮೆಟ್ಟಿಲಿನ ಜೊತೆ ಮುನಿಸಿಕೊಂಡು ಬಹಳ ದಿನವಾಗಿತ್ತು. ಅಂಗಡಿಯ ಹಿಂದಿನ ಬೀದಿಯಲ್ಲಿ ನೆಲಮಟ್ಟದ ಪುಟ್ಟ ಮನೆಯೊಂದನ್ನು ಗೊತ್ತು ಮಾಡಿಕೊಂಡು, ನಾವಿದ್ದ ಮಹಡಿಯನ್ನು ಮಾರಲು ಹೊರಟೆವು. ಕೊಳ್ಳಲು ಬಂದವಳು ಒಬ್ಬ ನರ್ಸ್. ಮನೆಯನ್ನು ರೋಗಿಯನ್ನು ನೋಡಿದ ಹಾಗೆ ನೋಡಿದಳು. ಗೋಡೆ ತಟ್ಟಿದಳು, ನಲ್ಲಿ ತಿರುಗಿಸಿ ಕಿವಿಗೊಟ್ಟಳು, ಕೊನೆಗೆ ಊಟದ ಮೇಜಿನ ಮೇಲೆ ಬಿಲ್ಲುಗಳನ್ನು ಹರಡಿಕೊಂಡು ಕೂತಳು.

"ಇರೋದು ನೀವಿಬ್ರೇ ಅಲ್ವಾ ಸಾರ್? ಕರೆಂಟ್ ಬಿಲ್ ಯಾಕೆ ಇಷ್ಟೊಂದು?"

"ಹಳೇ ವೈರಿಂಗ್ ಇರಬಹುದು," ಎಂದೆ.

ಹೆಂಡತಿ ಏನೋ ನೆನಪಾದವಳಂತೆ ಅಡುಗೆಮನೆಗೆ ಎದ್ದುಹೋದಳು.

ನರ್ಸ್ ಮನೆಯನ್ನು ಒಪ್ಪಿಕೊಂಡಳು, ಆದರೆ ಬಾಯಿಮಾತಿಗೆ ಬಗ್ಗುವವಳಲ್ಲ. ಕಂದಾಯದ ರಸೀದಿ ಬೇಕು, ನೀರಿನ ಬಾಕಿ ಇಲ್ಲವೆಂಬ ಪತ್ರ ಬೇಕು, ಕರೆಂಟಿನವರು ಬಂದು ಕೊನೆಯ ರೀಡಿಂಗ್ ತೆಗೆದು ಲೆಕ್ಕ ಚುಕ್ತಾ ಮಾಡಿರಬೇಕು, ಆಮೇಲೆ ಅವಳ ಹೆಸರಿಗೆ ಬದಲಾಗಬೇಕು. "ಎಲ್ಲ ಸಿಗುತ್ತಮ್ಮ, ನಾನು ಕಾಗದಪತ್ರದಲ್ಲಿ ಬಹಳ ಕಟ್ಟುನಿಟ್ಟು," ಎಂದು ಎದೆಯುಬ್ಬಿಸಿ ಹೇಳಿದೆ. ಹಾಗೆ ಹೇಳಿದವನು ನಾನೇ ಎಂಬುದನ್ನು ಓದುವವರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಕೆಳಗಿನ ಮನೆಯಲ್ಲಿ ನನ್ನ ಅಣ್ಣ ಇದ್ದಾನೆ. ನಿವೃತ್ತ ಡ್ರಿಲ್ ಮೇಷ್ಟ್ರು. ಅಪ್ಪ ಕಟ್ಟಿಸಿದ ಮನೆ ಕೆಳಗಿನದು ಅವನಿಗೆ, ಮೇಲಿನದು ನನಗೆ ಎಂದು ಪಾಲಾಯಿತು. ಪಾಲಿನ ದಿನ ಒಂದು ಬೀರುವಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಬೀರು ಕೆಳಗೆ ಉಳಿಯಿತು, ಮಾತು ನಿಂತಿತು. ಅದೇ ಕಾಲಕ್ಕೆ ಒಂದಿದ್ದ ಕರೆಂಟ್ ಮೀಟರನ್ನು ಎರಡು ಮಾಡಿಸಿದೆವು. ಮೆಟ್ಟಿಲ ಬುಡದಲ್ಲಿ ಅಕ್ಕಪಕ್ಕ ಎರಡು ಡಬ್ಬಿ. ಒಂದರ ಮೇಲೆ "ಮೇಲೆ" ಎಂದೂ ಇನ್ನೊಂದರ ಮೇಲೆ "ಕೆಳಗೆ" ಎಂದೂ ಬಣ್ಣದಲ್ಲಿ ಬರೆಸಿದವನು ನಾನೇ.

ಅಂದಿನಿಂದ ಅಣ್ಣನಿಗೂ ನನಗೂ ಉಳಿದಿದ್ದ ಮಾತುಕತೆಯೆಂದರೆ ತಿಂಗಳ ಬಿಲ್ಲು. ಬಿಲ್ಲು ಬಂದ ದಿನ ಅವನು ಮೆಟ್ಟಿಲ ಬಳಿ ನನಗಾಗಿ ಕಾಯುತ್ತಿದ್ದ.

"ನಮ್ಮದು ನೋಡು, ಎಷ್ಟು ಕಮ್ಮಿ. ನಿನ್ನದೆಷ್ಟು?"

ಹೇಳುತ್ತಿದ್ದೆ.

"ಶಿಸ್ತು ಬೇಕಪ್ಪ," ಎನ್ನುತ್ತಿದ್ದ. "ಮನೆ ನಡೆಸೋಕೂ ಶಿಸ್ತು ಬೇಕು."

ನನ್ನ ಮೈ ಉರಿಯುತ್ತಿತ್ತು. ಅವನ ಮನೆಯಲ್ಲಿ ಗೋಡೆಯಗಲದ ಟಿ.ವಿ. ಇತ್ತು, ಎರಡು ಗೀಸರ್ ಇದ್ದವು, ನಿಂತಲ್ಲೇ ಓಡುವ ಟ್ರೆಡ್‌ಮಿಲ್ ಬೇರೆ. ಆದರೂ ಅವನ ಬಿಲ್ಲು ಇಲಿಮರಿಯ ಹಾಗೆ, ನನ್ನದು ಎಮ್ಮೆಯ ಹಾಗೆ. ಅವನಿಗಿರುವ ಶಿಸ್ತು ನನಗೇಕಿಲ್ಲ ಎಂದು ನಾನೂ ಸೊಂಟ ಕಟ್ಟಿದೆ. ದೊಡ್ಡ ಬಲ್ಬುಗಳನ್ನು ಕಿತ್ತು ಸಣ್ಣವನ್ನು ಹಾಕಿದೆ. ಹೆಂಡತಿ ಕೋಣೆಯಿಂದ ಹೊರಗೆ ಕಾಲಿಡುವ ಮುಂಚೆಯೇ ಫ್ಯಾನ್ ಆರಿಸುತ್ತಿದ್ದೆ, ಕೆಲವು ಸಲ ಅವಳು ಇನ್ನೂ ಕೂತಿರುವಾಗಲೇ. ಮಂಕು ಬೆಳಕಿನಲ್ಲಿ ಪೇಪರ್ ಓದಿ ಓದಿ ನನ್ನ ಕಣ್ಣಿನ ನಂಬರು ಏರಿ, ನನ್ನ ಅಂಗಡಿಯಲ್ಲೇ ನಾನು ಗಿರಾಕಿಯಾದೆ. ನನಗೆ ನಾನೇ ರಿಯಾಯಿತಿ ಕೊಟ್ಟುಕೊಂಡೆ.

ಆಶ್ಚರ್ಯವೆಂದರೆ ನಾನು ಉಳಿಸಿದಷ್ಟೂ ಅಣ್ಣನ ಬಿಲ್ಲು ಇಳಿಯುತ್ತಿತ್ತು. ಶಿಸ್ತಿನಲ್ಲಿ ಪೈಪೋಟಿಗೆ ಬಿದ್ದಿದ್ದಾನೆ ಎಂದುಕೊಂಡೆ.

ಇದರ ಮೇಲೆ ಅತ್ತಿಗೆಯ ಕಾಟ. ಕೆಳಗೆ ಎಲ್ಲ ಸೌಕರ್ಯ ಇಟ್ಟುಕೊಂಡು, ವಾರಕ್ಕೊಮ್ಮೆ ಬುಟ್ಟಿ ತುಂಬ ಬಟ್ಟೆ ಹೊತ್ತು ಮೇಲೆ ಬರುತ್ತಿದ್ದಳು. ನಮ್ಮ ವಾಷಿಂಗ್ ಮೆಷಿನ್ನಿಗೆ ಹಾಕಿ, ನಮ್ಮ ಇಸ್ತ್ರಿಪೆಟ್ಟಿಗೆಯಲ್ಲಿ ಅಣ್ಣನ ಪ್ಯಾಂಟುಗಳನ್ನು ಗೆರೆ ತೆಗೆದು ಒತ್ತುತ್ತಿದ್ದಳು. ನನ್ನ ಹೆಂಡತಿ ಪಕ್ಕದಲ್ಲಿ ಕೂತು ಹರಟೆ ಹೊಡೆಯುತ್ತಿದ್ದಳು. ವಾರಗಿತ್ತಿಯರ ನಡುವೆ ಬಾಯಿ ಹಾಕುವ ಧೈರ್ಯ ಯಾವ ಗಂಡಸಿಗಿದೆ? ನಾನು ಬಾಯಿ ಹಾಕಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ರಿಪೇರಿಯ ನೆಪ ಹೇಳಿ ಅಂಗಡಿಗೆ ಒಯ್ದು ಮೇಜಿನ ಕೆಳಗೆ ಬಚ್ಚಿಟ್ಟೆ. ಆ ತಿಂಗಳು ಬಿಲ್ಲು ಇನ್ನಷ್ಟು ಏರಿತು. ತಪ್ಪು ಫ್ರಿಜ್ಜಿನದೆಂದು ತೀರ್ಮಾನಿಸಿ ರಾತ್ರಿ ಅದನ್ನೂ ಆರಿಸಲು ಶುರುಮಾಡಿದೆ. ಹಾಲು ಒಡೆಯಿತು.

ಕೊನೆಯ ರೀಡಿಂಗ್ ತೆಗೆಯಲು ಕರೆಂಟ್ ಆಫೀಸಿನಿಂದ ಲೈನ್‌ಮನ್ ಬಂದದ್ದು ಒಂದು ಬೆಳಿಗ್ಗೆ. ನರ್ಸ್ ಕೂಡ ಡ್ಯೂಟಿಗೆ ಹೋಗುವ ದಾರಿಯಲ್ಲಿ ಇಳಿದು ನಿಂತಿದ್ದಳು. ಅವನು "ಮೇಲೆ" ಎಂಬ ಡಬ್ಬಿಯ ಅಂಕಿ ಬರೆದುಕೊಂಡು, ಹೆಸರು ಬದಲಾಯಿಸುವ ಮುಂಚೆ ಒಮ್ಮೆ ಮೇನ್ ಇಳಿಸಿ ನೋಡುವುದು ಪದ್ಧತಿ ಎಂದು ಅದರ ಸ್ವಿಚ್ಚನ್ನು ಎಳೆದ.

ಕೆಳಗಿನ ಮನೆಯೊಳಗೆ ಧಡ್ ಎಂದು ಸದ್ದಾಯಿತು. ಅಣ್ಣ ಬನಿಯನ್ನಿನಲ್ಲೇ, ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದ.

"ಓಡ್ತಾ ಇರೋವಾಗ ಕರೆಂಟ್ ತೆಗೆದ್ರೆ ಹೇಗ್ರೀ? ಮುಗ್ಗರಿಸಿಬಿಟ್ಟೆ."

"ನಿಮ್ಮದು ತೆಗೆದಿಲ್ಲ ಸಾರ್. ಮೇಲಿನದು ತೆಗೆದಿದ್ದು."

ಮೇಲಿನಿಂದ ನಮ್ಮ ಮನೆಯ ರೇಡಿಯೋ ಯಾವ ಆತಂಕವೂ ಇಲ್ಲದೆ ವಾರ್ತೆ ಓದುತ್ತಿತ್ತು. ಲೈನ್‌ಮನ್ ಸ್ವಿಚ್ಚು ಮೇಲೆತ್ತಿದ. ಕೆಳಗೆ ಫ್ಯಾನ್ ತಿರುಗಿತು. "ಕೆಳಗೆ" ಎಂಬ ಡಬ್ಬಿಯದನ್ನು ಇಳಿಸಿದ. ನನ್ನ ರೇಡಿಯೋ ಬಾಯಿ ಮುಚ್ಚಿತು.

"ಅದಲುಬದಲಾಗಿದೆ," ಎಂದ ಅವನು. "ಶುರುವಿನಿಂದ್ಲೇ ಇರಬೇಕು. ಯಾರೂ ನೋಡ್ಕೊಂಡಿಲ್ವಾ?"

ಅಂದರೆ ಇಷ್ಟು ಕಾಲ ಅಣ್ಣನ ಟಿ.ವಿ.ಗೆ, ಗೀಸರಿಗೆ, ಓಟಕ್ಕೆ ದುಡ್ಡು ಕಟ್ಟಿದವನು ನಾನು. ಮಂಕು ಬೆಳಕಿನಲ್ಲಿ ಕಣ್ಣು ಕಳೆದುಕೊಂಡು ನಾನು ಉಳಿಸಿಕೊಟ್ಟದ್ದು ಅವನ ಬಿಲ್ಲನ್ನು. ಅಣ್ಣ ಆ ಡಬ್ಬಿ ಈ ಡಬ್ಬಿ ನೋಡಿದ, ನನ್ನ ದಪ್ಪ ಕನ್ನಡಕ ನೋಡಿದ.

"ಹಾಗಾದ್ರೆ ಶಿಸ್ತು ನಿಂದು," ಎಂದ, ಬಹಳ ಮೆಲ್ಲಗೆ.

ನಾನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದೆ. ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದಳು. ಏದುಸಿರು ಬಿಡುತ್ತ ಎಲ್ಲ ಹೇಳಿದೆ. ಅವಳು ಲೋಟ ಸುತ್ತುವುದನ್ನು ನಿಲ್ಲಿಸಲಿಲ್ಲ.

"ಗೊತ್ತು," ಎಂದಳು.

"ಏನು ಗೊತ್ತು?"

"ಮೀಟರ್ ಅದಲುಬದಲಾಗಿರೋದು. ಒಂದಿನ ನೀವು ಅಂಗಡಿಗೆ ಹೋದಾಗ ನಮ್ಮನೇಲಿ ಕರೆಂಟ್ ಹೋಯ್ತು. ಇಳಿದು ನೋಡಿದ್ರೆ ಕೆಳಗಿನವರ ಫ್ಯೂಸ್ ಸುಟ್ಟಿದೆ, ನಮ್ಮದು ಸರಿಯಾಗಿದೆ. ಕೆಳಗಿನ ಅಕ್ಕನೂ ನಾನೂ ಒಂದೊಂದೇ ತೆಗೆದು ನೋಡಿದ್ವಿ."

"ಮತ್ತೆ ನನಗೆ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಏನು ಮಾಡ್ತಿದ್ರಿ?"

ಯೋಚಿಸಿದೆ. ಹಳೆಯ ಬಿಲ್ಲುಗಳನ್ನೆಲ್ಲ ಹಿಡಿದು ಅಣ್ಣನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವನು ಬೀರುವಿನ ಮಾತು ತೆಗೆಯುತ್ತಿದ್ದ. ಅಲ್ಲಿಂದ ಮುಂದಿನದನ್ನು ಬೀದಿಯವರೆಲ್ಲ ಕೇಳುತ್ತಿದ್ದರು.

"ಅದಕ್ಕೇ," ಎಂದಳು ಅವಳು, ನಾನು ಏನೂ ಹೇಳದಿದ್ದರೂ. "ನಾವೇ ಸರಿಮಾಡ್ಕೊಂಡ್ವಿ. ಅಕ್ಕ ಬಟ್ಟೆ ತಂದು ಇಲ್ಲಿ ಒಗೆದು ಇಸ್ತ್ರಿ ಮಾಡಿದ್ರೆ, ಇಲ್ಲಿ ಉರಿದ ಕರೆಂಟು ಅವರ ಬಿಲ್ಲಿಗೇ ಹೋಗುತ್ತೆ. ಅಷ್ಟಾದ್ರೂ ನಿಮ್ಮ ಹೊರೆ ಕಮ್ಮಿ ಆಗ್ಲಿ ಅಂತ ಪಾಪ ಮೆಟ್ಟಿಲು ಹತ್ತಿ ಬರ್ತಿದ್ರು. ನೀವು ಇಸ್ತ್ರಿಪೆಟ್ಟಿಗೆ ಬಚ್ಚಿಟ್ರಿ."

"ರಿಪೇರಿಗೆ ಕೊಟ್ಟಿದ್ದೆ."

"ಮೇಜಿನ ಕೆಳಗೆ ಇತ್ತು. ನೋಡಿದ್ದೀನಿ."

ಅಷ್ಟರಲ್ಲಿ ಅತ್ತಿಗೆ ಬಾಗಿಲಲ್ಲಿ ಬಂದು ನಿಂತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಬೇಜಾರು ಮಾಡ್ಕೋಬೇಡಪ್ಪ," ಎಂದಳು. "ತಿಂಗಳಿಗೊಂದ್ಸಲ ನೀವಿಬ್ರೂ ಮೆಟ್ಟಿಲ ಹತ್ರ ನಿಂತು ಮಾತಾಡ್ತಿದ್ರಿ. ಬಿಲ್ ಸರಿಯಾಗಿಬಿಟ್ರೆ ಅದೂ ಇಲ್ಲ. ಅಷ್ಟಿರ್ಲಿ ಅಂತ ನಾನೇ ಹೇಳಿದ್ದು."

ನಾನೂ ಒಂದು ಪೇಪರ್ ಎತ್ತಿಕೊಂಡು ಲೋಟ ಸುತ್ತಲು ಕೂತೆ.

ತಪ್ಪು ತಿದ್ದಿಸಲು ಇಬ್ಬರೂ ಗ್ರಾಹಕರು ಖುದ್ದಾಗಿ ಆಫೀಸಿಗೆ ಬರಬೇಕೆಂದು ಲೈನ್‌ಮನ್ ಹೇಳಿಹೋಗಿದ್ದ. ಮರುದಿನ ಅಣ್ಣನ ಸ್ಕೂಟರಿನ ಹಿಂದೆ ಕೂತು ಹೋದೆ. ದಾರಿಯುದ್ದಕ್ಕೂ ಅವನ ಬೆನ್ನು ನೋಡುತ್ತ, ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಗುಮಾಸ್ತೆ ಹಾಳೆ ಮುಂದಿಟ್ಟುಕೊಂಡು ಕೇಳಿದಳು:

"ಇದರಿಂದ ಯಾರಿಗೆ ನಷ್ಟ ಆಗಿದೆ ಅಂತ ಬರೀಬೇಕು."

"ನನ್ನ ತಮ್ಮನಿಗೆ," ಎಂದ ಅಣ್ಣ, ನಾನು ಬಾಯಿ ತೆರೆಯುವ ಮುಂಚೆ. "ನಾನು ಕೊಡಬೇಕಾದ್ದು ಎಷ್ಟು ಅಂತ ಲೆಕ್ಕ ಹಾಕಿ."

ಇಷ್ಟು ಕೇಳಲು ಕಾದಿದ್ದವನು ನಾನು. ಕೇಳಿದ ಕೂಡಲೇ "ಅಷ್ಟೇನಿಲ್ಲ, ಬಿಡಿ," ಎಂದುಬಿಟ್ಟೆ.

"ಅಷ್ಟೇನಿಲ್ಲ ಅನ್ನೋದಕ್ಕೆ ಜಾಗ ಇಲ್ಲ ಸಾರ್. ಇದೆ ಅಥವಾ ಇಲ್ಲ."

"ಇಲ್ಲ," ಎಂದು ಬರೆಸಿ ಸಹಿ ಹಾಕಿದೆ. ಆಫೀಸಿನ ಬಾಗಿಲು ದಾಟುವಷ್ಟರಲ್ಲಿ ನನ್ನ ಔದಾರ್ಯದ ಬಗ್ಗೆ ಪಶ್ಚಾತ್ತಾಪ ಶುರುವಾಗಿತ್ತು. ಅಣ್ಣ ಅದನ್ನು ಗಮನಿಸಿರಬೇಕು. ಸ್ಕೂಟರ್ ಒದೆಯುತ್ತ, "ಆ ಬೀರು ತಗೊಂಡ್ಹೋಗು," ಎಂದ. ಸಂಜೆ ಟೇಪು ಹಿಡಿದು ಅಳೆದೆ. ಹೊಸ ಮನೆಯ ಯಾವ ಬಾಗಿಲಲ್ಲೂ ಅದು ನುಗ್ಗುವ ಹಾಗಿರಲಿಲ್ಲ. ಅಣ್ಣನಿಗೆ ಹೇಳಿದಾಗ ಅವನಿಗೆ ಸಮಾಧಾನವಾದದ್ದು ನನ್ನ ಹೊಸ ಕನ್ನಡಕಕ್ಕೆ ಸ್ಪಷ್ಟವಾಗಿ ಕಂಡಿತು.

ಇನ್ನು ಉಳಿದದ್ದು ನೀರಿನ ಪತ್ರ. ಅದಕ್ಕೆ ಹೋದರೆ ನಲ್ಲಿಯ ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಕಾಗದಪತ್ರದಲ್ಲಿ ಕಟ್ಟುನಿಟ್ಟಾದ ನಾನು ಇಷ್ಟು ವರ್ಷ ಆ ಬಿಲ್ಲಿನ ಮೊತ್ತ ಓದಿದ್ದೆನೇ ಹೊರತು ಹೆಸರು ಓದಿರಲಿಲ್ಲ. ಮತ್ತೆ ಅಣ್ಣನ ಸ್ಕೂಟರು, ಮತ್ತೆ ಒಂದು ಕೌಂಟರು.

"ಇವರು ನಿಮಗೇನಾಗಬೇಕು?"

"ಅಪ್ಪ," ಎಂದೆವು ಇಬ್ಬರೂ.

"ನೀವಿಬ್ರೂ ಅಣ್ಣತಮ್ಮ ಅನ್ನೋದಕ್ಕೆ ದಾಖಲೆ ಇದ್ಯಾ?"

ಅಣ್ಣ ಕೌಂಟರಿನ ಗಾಜಿಗೆ ಮುಖ ತಂದು, ನನ್ನನ್ನೂ ಭುಜ ಹಿಡಿದು ಪಕ್ಕಕ್ಕೆ ಎಳೆದುಕೊಂಡ. "ಮುಖ ನೋಡಿದ್ರೆ ಗೊತ್ತಾಗಲ್ವೇನ್ರೀ?"

ಆ ಮನುಷ್ಯ ಪ್ರಾಮಾಣಿಕ. ಇಬ್ಬರನ್ನೂ ನಿಧಾನವಾಗಿ ನೋಡಿದ. "ಗೊತ್ತಾಗಲ್ಲ," ಎಂದ. "ಪ್ರಮಾಣಪತ್ರ ತನ್ನಿ."

ತಂದೆವು. ಅದನ್ನು ತರಲು ಇನ್ನೆರಡು ಆಫೀಸು ಸುತ್ತಿದೆವು. ನಡುವೆ ಒಂದು ಕಡೆ ಚಹಾ ಕುಡಿದೆವು, ಶಾಲೆಯಲ್ಲಿ ಅವನು ನನ್ನನ್ನು ಓಟದ ಪಂದ್ಯದಿಂದ ಹೊರಗೆ ಹಾಕಿಸಿದ್ದರ ಬಗ್ಗೆ ಸಣ್ಣ ಜಗಳವನ್ನೂ ಆಡಿದೆವು. ಚಹಾದ ದುಡ್ಡು ಅವನೇ ಕೊಟ್ಟ.

ನೋಂದಣಿಯ ದಿನ ನರ್ಸ್ ಒಂದೊಂದೇ ಕಾಗದ ತಿರುವಿ ಹಾಕಿ ನೋಡಿದಳು. ನಿಜವಾದ ಕರೆಂಟ್ ಬಿಲ್ಲು ಕಂಡು ಅವಳಿಗೆ ಖುಷಿಯಾಗಿತ್ತು. ಅಷ್ಟು ಕಮ್ಮಿ ಬರಲು ಒಬ್ಬ ಮನುಷ್ಯ ಹೇಗೆ ಬದುಕಬೇಕಾಗುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಲಿಲ್ಲ. ಅಣ್ಣ ಸಾಕ್ಷಿಯ ಜಾಗದಲ್ಲಿ ದೊಡ್ಡದಾಗಿ ಸಹಿ ಹಾಕಿದ. ಬೀಗದ ಕೈ ಅವಳ ಕೈಗಿಟ್ಟೆ.

"ಮನೆ ಬಗ್ಗೆ ನಾನು ತಿಳ್ಕೋಬೇಕಾದ್ದು ಇನ್ನೇನಾದ್ರೂ ಇದ್ಯಾ?" ಎಂದು ಕೇಳಿದಳು.

ಏನೂ ಇಲ್ಲವೆಂದು ನಾನು ತಲೆಯಾಡಿಸುತ್ತಿದ್ದೆ. ಹೆಂಡತಿ ಮುಂದೆ ಬಂದು, "ಬಚ್ಚಲುಮನೆ ಕಿಟಕಿ ಸ್ವಲ್ಪ ಬಿಗಿ ಇದೆ," ಎಂದಳು. "ಮೇಲಕ್ಕೆ ಎತ್ತಿ ಆಮೇಲೆ ದೂಡಿ. ಒಳ್ಳೇ ಗಾಳಿ ಬರುತ್ತೆ."

ಆ ಕಿಟಕಿ ತೆರೆಯುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.