ಗೇರೆಣ್ಣೆ ಹಚ್ಚಿದ ಚಾಸಿ

ನನ್ನ ಗಂಡ ದೇವು ಅವರಿಗೆ ಸಿಟ್ಟೇ ಬರುವುದಿಲ್ಲ. ಅವರ ಪಾಲಿನದ್ದೂ ಸೇರಿ ನನಗೇ ಬರುತ್ತದೆ. ಅವತ್ತು ನಾವುಂದದಲ್ಲಿ, ಹೆದ್ದಾರಿ ಬದಿಯ ಭೋಜರಾಜನ ವೆಲ್ಡಿಂಗ್ ಶೆಡ್ಡಿನಲ್ಲೂ ಹಾಗೇ ಆಯಿತು.

ಹಿಂದಿನ ದಿನ ನಮ್ಮ ಹಳೇ ಪಿಕಪ್ಪಿನಲ್ಲಿ ಮೀನು ಹೇರಿಕೊಂಡು ಬಾರ್ಕೂರಿಗೆ ಹೋಗುತ್ತಿದ್ದೆವು. ಹೊಂಡಕ್ಕೆ ಇಳಿದದ್ದೇ ತಡ, ಅಡಿಯಲ್ಲಿ ಕಟಕ್ ಅಂತು, ಹಿಂಭಾಗ ಒಂದು ಬದಿಗೆ ವಾಲಿತು. ನಾನು ಪಕ್ಕದ ಸೀಟಿನಲ್ಲೇ ಇದ್ದೆ. ಜೀವ ಬಾಯಿಗೆ ಬಂತು ಮಾರಾಯ್ರೆ! ಮೀನನ್ನು ಬೇರೆ ಗಾಡಿಗೆ ದಾಟಿಸಿ, ಇದನ್ನು ಹೇಗೋ ಎಳೆಸಿಕೊಂಡು ಬಂದು ಶೆಡ್ಡಿಗೆ ಮುಟ್ಟಿಸಿದೆವು.

ಭೋಜರಾಜ ಅಡಿಗೆ ನುಗ್ಗಿ ಚಾಸಿಗೆ, ಅಂದರೆ ಇಡೀ ಗಾಡಿ ಕೂತಿರುವ ಕಬ್ಬಿಣದ ಚೌಕಟ್ಟಿಗೆ, ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟ. ನೋಡಲು ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಠಣ್ ಅನ್ನಬೇಕಿತ್ತು, ಸುತ್ತಿಗೆ ಒಳಗೇ ಹೋಯಿತು. ತುಕ್ಕು ಹಪ್ಪಳ ಮುರಿದ ಹಾಗೆ ಉದುರಿತು.

"ಹ್ವಾಯ್ ದೇವಣ್ಣ, ಇದಕ್ಕೆ ಎಂತ ಹಚ್ಚಿದ್ರಿ ನೀವ್?"

"ಗೇರೆಣ್ಣೆ," ಅಂದರು ನಮ್ಮವರು. "ಪ್ರತಿ ಮಳೆಗಾಲ. ಒಂದ್ ವರ್ಷವೂ ತಪ್ಪಿಸ್ಲಿಲ್ಲೆ."

ಈ ಎಣ್ಣೆಯ ಹಿಂದೆ ಒಂದು ಕತೆ ಇದೆ. ಮೊದಲು ನಮಗಿದ್ದದ್ದು ಮರದ ದೋಣಿ. ಮಳೆಗಾಲದಲ್ಲಿ ದಡಕ್ಕೆ ಎಳೆದಾಗ, ಹಲಗೆ ನೀರು ಕುಡಿಯದ ಹಾಗೆ ಅದಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಹಚ್ಚುವುದು ಇವರ ಕೆಲಸ. ಒಂದು ವರ್ಷ ಜ್ವರದಲ್ಲಿ ಮಲಗಿದವರು ಹಚ್ಚಲಿಲ್ಲ. ಮಳೆ ಬಿಟ್ಟ ಮೇಲೆ ಇವರ ತಮ್ಮ ಬಚ್ಚ ಒಬ್ಬನೇ ದೋಣಿ ಇಳಿಸಿದ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೊಡ್ಡ ತೆರೆಯೊಂದು ದೋಣಿಯನ್ನು ಎತ್ತಿ ಕುಕ್ಕಿತು. ದೋಣಿ ಎರಡು ಹೋಳಾಯಿತು. ಬಚ್ಚನ ಹೆಣ ಮಾರನೇ ದಿನ ಸಿಕ್ಕಿತು. ದಡದಲ್ಲಿ ನಿಂತು ಎಲ್ಲ ಕಂಡವಳು ನಾನು. ಇನ್ನೂ ಜ್ವರ ಬಿಡದೆ ಮನೆಯಲ್ಲಿ ಮಲಗಿದ್ದ ಇವರು ಮಾತ್ರ, ಎಣ್ಣೆ ಇಲ್ಲದ ಹಲಗೆ ಬಿರಿದೇ ತಮ್ಮ ಹೋದದ್ದು ಅಂತ ಮನಸ್ಸಿನಲ್ಲಿ ಕೂರಿಸಿಕೊಂಡರು. ಅದು ಹಾಗಲ್ಲ ಅಂತ ನಾನು ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಕಡಲು ಬಿಟ್ಟು ಪಿಕಪ್ಪು ತಗೊಂಡ ಮೇಲೆ ಅದಕ್ಕೂ ದೋಣಿಗೆ ಹಚ್ಚಿದ ಹಾಗೇ ಹಚ್ಚಿದರು. ಹಚ್ಚಿದ ದಿನ ಅವರಿಗೆ ಒಳ್ಳೆ ನಿದ್ದೆ ಬರುತ್ತಿತ್ತು, ಹಾಗಾಗಿ ನಾನು ಬೇಡ ಅನ್ನಲಿಲ್ಲ.

ಈಗ ಆ ಎಣ್ಣೆಯಿಂದಲೇ ಗಾಡಿ ಹಾಳಾದದ್ದು ಅಂದರೆ ಇವರು ಉಳಿಯುವವರಲ್ಲ ಅಂತ ನನಗೆ ಭಯ. ಭೋಜರಾಜನಿಗೆ ಕಣ್ಣು ಮಾಡಿದೆ. "ಮೀನಿನ ಉಪ್ಪು ಐಸ್ ನೀರಿಗೆ ತುಕ್ಕ್ ಹಿಡ್ದದ್ ಅಲ್ದಾ ಭೋಜ?"

ಆ ಪುಣ್ಯಾತ್ಮನಿಗೆ ಅಷ್ಟು ತಿಳಿದರೆ ತಾನೆ! "ಐಸ್ ನೀರ್ ಹೌದ್ ವನಜಕ್ಕ. ಆದ್ರೆ ಉಪ್ಪುನೀರ್ ಒಣಗುಕ್ ಮುಂಚೆ ಮೇಲಿಂದ ಎಣ್ಣೆ ಹಚ್ಚಿರೆ ಅದ್ ಹೋಪ್ದ್ ಎಲ್ಲಿಗೆ? ಒಳಗೇ ಕೂತ್ ತಿಂದಿತ್. ಮರಕ್ಕಾರೆ ಸಮ, ಕಬ್ಬಿಣಕ್ಕಲ್ಲ."

ಅವನ ಬಾಯಿಗೆ ಮಣ್ಣು ಬೀಳಲಿ! ಅಲ್ಲಿದ್ದ ಸ್ಪ್ಯಾನರನ್ನೇ ಅವನ ತಲೆಗೆ ಎಸೆಯಬೇಕು ಅನ್ನಿಸಿತು.

ನಮ್ಮವರು ನೆಲಕ್ಕೆ ಹಾಸಿದ ರಟ್ಟಿನ ಮೇಲೆ ಮಲಗಿ ಗಾಡಿಯ ಅಡಿಗೆ ಸರಿದರು. ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಅಡಿಯಿಂದ ಸ್ವರ ಬಂತು.

"ಹಚ್ಚದೆ ತಮ್ಮ ಹೋದ. ಹಚ್ಚಿ ಇದ್ ಹೋಯ್ತ್. ನಿನ್ನೆ ನೀನೂ ಹೋತಿದ್ದೆ. ನನ್ನ ಕೈಯೇ ಸಮ ಇಲ್ಲೆ."

ಭೋಜರಾಜ ಹೆದರಿ, ಕೈಗೆತ್ತಿಕೊಂಡಿದ್ದ ಕಬ್ಬಿಣ ಕೊಯ್ಯುವ ಗ್ರೈಂಡರ್ ಕೆಳಗಿಟ್ಟ. "ದೇವಣ್ಣ, ಹಾಳಾದ್ದ್ ಕೊಯ್ದ್ ತೆಗ್ದ್ ಹೊಸ ಕಬ್ಬಿಣ ಕೂರ್ಸಿ ವೆಲ್ಡ್ ಮಾಡ್ತೆ. ಗಾಡಿ ಮೊದ್ಲಿನ್ ಹಾಂಗೆ ಓಡತ್ತ್," ಅಂದ. ಗಾಡಿಯ ಚಿಂತೆ ಯಾರಿಗಿತ್ತು!

"ವನಜ, ಅವತ್ತ್ ನಾ ಎಣ್ಣೆ ಹಚ್ಚಿದ್ದಿದ್ರೆ ಬಚ್ಚ ಉಳಿತಿದ್ನಾ?"

ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ನಾನು ಸೀರೆಯ ಗೊಡವೆ ಬಿಟ್ಟು ಗಾಡಿಯ ಅಡಿಗೆ ತೂರಿ ಅವರ ಪಕ್ಕ ಮಲಗಿದೆ.

"ಇಲ್ಲೆ," ಅಂದೆ. "ಕಣ್ಣಾರೆ ಕಂಡವಳ್ ನಾನ್. ಆ ತೆರೆಗೆ ಹೊಸ ದೋಣಿ ಆದ್ರೂ ನಿಲ್ತಿರ್ಲಿಲ್ಲೆ. ನಿಮ್ಗೆ ಜ್ವರ ಬಾರದಿದ್ರೆ ನೀವೂ ಅದೇ ದೋಣಿಯೊಳ್ಗ್ ಇರ್ತಿದ್ರಿ. ಬಚ್ಚನ್ನ ನೆನೆಸಿ ಅಳುವಾಗ್ಳೂ ನಾ ನಿಮ್ಮ ಜ್ವರಕ್ಕೆ ಕೈ ಮುಗಿತೆ, ಗೊತ್ತಿತ್ತಾ ನಿಮ್ಗೆ?"

ತಮ್ಮನನ್ನು ಸುಟ್ಟ ದಿನವೂ ಅಳದವರು, ನನ್ನ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. ನಾನೂ ಅತ್ತೆ. ಹೊರಗೆ ಭೋಜರಾಜ ನಿಂತೇ ಇದ್ದ.

"ಅವಸರ ಇಲ್ಲೆ ವನಜಕ್ಕ," ಅಂದ. "ನಿಮ್ದ್ ಆದ್ ಮೇಲೆ ಶುರು ಮಾಡ್ತೆ."