ಸ್ಪಂಜು ಯಾಕೆ ಪುಡಿಯಾಗುತ್ತೆ?

ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿಲ್ಲ ಅಂದರೆ, ಹತ್ತುವ ಮೊದಲನೆಯ ಮಗುವಿಗೆ ಬುದ್ಧಿ ಹೇಳುವವರು ಬಹಳ. ದೊಡ್ಡಮ್ಮ ಹೇಳುತ್ತಾಳೆ, ಪಕ್ಕದ ಮನೆಯವರು ಹೇಳುತ್ತಾರೆ, ಹಾಲು ಹಾಕುವವನೂ ಸೈಕಲ್ ನಿಲ್ಲಿಸಿ ಎರಡು ಮಾತು ಹೇಳಿ ಹೋಗುತ್ತಾನೆ. ಅಲ್ಲಿ ಹೋಗಬೇಡ, ಇವರ ಜೊತೆ ಸೇರಬೇಡ, ಮಧ್ಯೆ ಬಾಯಿ ಹಾಕಬೇಡ. ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಪಾಪ, ಅದು ಅವರಿಗೂ ಗೊತ್ತಿಲ್ಲ.

ನಮ್ಮ ಬೀದಿಯ ಕುಶನ್ ಮೇಸ್ತ್ರಿಯ ಮನೆಯಲ್ಲೂ ಹೀಗೇ ಆಯಿತು. ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಸ್ಪಂಜು ತುಂಬಿ ಹೊಸ ಬಟ್ಟೆ ಹೊದಿಸುವುದು ಅವನ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಕವರ್ ಹೊಲಿಯುತ್ತಾಳೆ. ಮೇಸ್ತ್ರಿಯ ಬಾಯಲ್ಲಿ ಯಾವಾಗಲೂ ನಾಲ್ಕಾರು ಸಣ್ಣ ಮೊಳೆ ಇರುತ್ತವೆ, ಹಾಗಾಗಿ ಮಾತು ಕಡಿಮೆ. ದೊಡ್ಡ ಮಗಳಿಗೆ ಮದುವೆಯಾಗಿದೆ. ಚಿಕ್ಕವಳು ಪುಟ್ಟಿ. ಆ ಮನೆಯಿಂದ ಕಾಲೇಜು ಸೇರಿದ ಮೊದಲನೆಯವಳು ಅವಳೇ.

ಮೊದಲ ದಿನ ಅವಳು ಹೊರಟಾಗ ಮೇಸ್ತ್ರಿ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ಹೇಳಿದ: "ತಲೆ ಬಗ್ಗಿಸಿ ಹೋಗು, ತಲೆ ಬಗ್ಗಿಸಿ ಬಾ. ಯಾರ ಕಣ್ಣಿಗೂ ಬೀಳ್ಬೇಡ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು."

ಪುಟ್ಟಿ ಒಳ್ಳೆಯ ಮಗಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡಿದಳು. ಕೊನೆಯ ಬೆಂಚಿನಲ್ಲಿ ಗೋಡೆಗೆ ಅಂಟಿಕೊಂಡು ಕೂತಳು. ಲ್ಯಾಬಿನಲ್ಲಿ ಗಾಜಿನ ಸಾಮಾನು ಒಡೆದೀತು ಎಂದು ಒಂದನ್ನೂ ಮುಟ್ಟಲಿಲ್ಲ, ಜೊತೆಯವಳು ಮಾಡಿದ್ದನ್ನು ನೋಡಿ ಬರೆದುಕೊಂಡಳು. ಅರ್ಥವಾಗದಿದ್ದರೂ ಅರ್ಥವಾದ ಹಾಗೆ ತಲೆ ಆಡಿಸಿದಳು. ಒಂದೂವರೆಗೆ ಕ್ಲಾಸು ಮುಗಿದರೆ ಎರಡು ಗಂಟೆಗೆ ಮನೆ. ಹೋದ ಪುಟ್ಟ ಬಂದ ಪುಟ್ಟ, ಪುಟ್ಟನ ಕಾಲಿಗೆ ನೀರಿಲ್ಲ ಅನ್ನುತ್ತಾರಲ್ಲ, ಹಾಗೆ ನಾಲ್ಕು ತಿಂಗಳು ಕಳೆಯಿತು.

ನೋಡಿ ನೋಡಿ ಅಪ್ಪನಿಗೇ ಅನುಮಾನ ಬಂತು. ತಾನೇ ತಲೆ ಬಗ್ಗಿಸು ಅಂದವನು, ಈಗ ಮಗಳ ತಲೆಯೊಳಗೆ ಏನಿದೆ ಅಂತ ಕೇಳತೊಡಗಿದ!

ಒಂದು ಬುಧವಾರ ಮಧ್ಯಾಹ್ನ ಹೆಂಡತಿಗೆ ಹೇಳಿದ: "ಹೋಗ್ತಾಳೆ, ಬರ್ತಾಳೆ. ಏನು ಕಲಿತಳು ಅಂತ ನನಗಂತೂ ಕಾಣ್ತಿಲ್ಲ. ಈ ವರ್ಷ ಮುಗೀಲಿ. ಅಳಿಯಂದಿರ ಅಂಗಡಿ ಕೌಂಟರಿಗೆ ಯಾರೋ ಬೇಕಂತೆ. ಅಲ್ಲಿ ನಿಲ್ಲಲಿ."

ಹೊಲಿಗೆ ಯಂತ್ರ ನಿಂತಿತು. ಪುಟ್ಟಿ ಬಾಗಿಲಲ್ಲೇ ಇದ್ದಳು. ಅವಳಿಗೆ ಓದುವ ಆಸೆ ಬಹಳ ಇತ್ತು. ಆದರೆ ನಾಲ್ಕು ತಿಂಗಳಲ್ಲಿ ಏನು ಕಲಿತೆ ಅಂತ ಅಪ್ಪ ಕೇಳಿದರೆ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಅದನ್ನು ನೆನೆದೇ ಅವಳಿಗೆ ಅಳು ಬಂತು.

ಅಷ್ಟರಲ್ಲಿ ಕುರ್ಚಿಯೊಂದನ್ನು ಹೊತ್ತುಕೊಂಡು ಬೀಗದಕ್ಕ ಬಂದಳು. ಅವಳು ಅದೇ ಕಾಲೇಜಿನ ಅಟೆಂಡರ್. ಬೆಳಿಗ್ಗೆ ಎಲ್ಲ ಕೋಣೆಗಳ ಬೀಗ ತೆಗೆಯುವವಳು, ಸಂಜೆ ಹಾಕುವವಳು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ತಾನು ಏಳನೇ ಕ್ಲಾಸಿಗೆ ಓದು ನಿಲ್ಲಿಸಿದವಳು, ಆದರೆ ಕಾಲೇಜಿನ ವಿಷಯ ಪ್ರಿನ್ಸಿಪಾಲರಿಗಿಂತ ಚೆನ್ನಾಗಿ ಗೊತ್ತು ಎಂದು ಅವಳೇ ಹೇಳಿಕೊಳ್ಳುತ್ತಾಳೆ. ಸುಳ್ಳೇನಲ್ಲ.

"ಎಲ್ಲ ಕೇಳಿಸ್ತು ಮೇಸ್ತ್ರಿ" ಎಂದು ಕುರ್ಚಿ ಇಳಿಸಿದಳು. "ಏ ಪುಟ್ಟಿ, ಇಲ್ಲಿ ಬಾ. ನಾನು ದಿನಾ ಇಪ್ಪತ್ಮೂರು ಬಾಗಿಲು ತೆಗೀತೀನಿ. ನೀನು ಎಷ್ಟರೊಳಗೆ ಹೋಗಿದೀಯ?"

ಪುಟ್ಟಿ ಬೆರಳು ಮಡಿಸಿದಳು. "ಕ್ಲಾಸು. ಲ್ಯಾಬು."

"ಆಮೇಲೆ?"

"ಅಷ್ಟೇ."

"ಕ್ಯಾಂಟೀನಿಗೂ ಹೋಗಿಲ್ವೇನೇ? ಭೇಷ್! ಲೈಬ್ರರಿ ಕಾರ್ಡ್ ಎಲ್ಲಿ?"

ಈಗ ಅಮ್ಮ ಹೆಮ್ಮೆಯಿಂದ ಎದ್ದಳು. "ಅದು ಜೋಪಾನವಾಗಿದೆ ಅಕ್ಕ." ಒಳಗೆ ಹೋಗಿ ಟ್ರಂಕು ತೆಗೆದು, ಮನೆ ಪತ್ರದ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದಳು. ಅದರೊಳಗೆ ಇನ್ನೊಂದು ಚೀಲ. ಅದರೊಳಗೆ ಕಾರ್ಡು. ಒಂದು ಸಲವೂ ಮುದ್ರೆ ಬೀಳದೆ ಬೆಳ್ಳಗೆ ಹೊಳೆಯುತ್ತಿತ್ತು. "ಎಲ್ಲಾದ್ರೂ ಕಳಕೊಂಡ್ರೆ ಅಂತ, ಕೊಟ್ಟ ದಿನಾನೇ ಎತ್ತಿಟ್ಟೆ."

ಬೀಗದಕ್ಕ ಹಣೆ ಚಚ್ಚಿಕೊಂಡು ನಕ್ಕಳು. ಅಮ್ಮನಿಗೆ ಯಾಕೆ ನಗುತ್ತಾಳೆಂದೇ ತಿಳಿಯಲಿಲ್ಲ.

"ಮೇಸ್ತ್ರಿ, ಹೊಸ ಸೋಫಾ ತಗೊಂಡು ಪ್ಲಾಸ್ಟಿಕ್ ಕವರ್ ತೆಗೀದೇ ಕೂರೋ ಗಿರಾಕಿಗಳನ್ನ ನೀವೇ ಬೈತೀರಲ್ಲ?"

"ಬೈಯದೆ ಇನ್ನೇನು? ಒಳಗೆ ಬೆವೆತು ಬಟ್ಟೆ ಮುಗ್ಗಲು ಹಿಡಿಯುತ್ತೆ. ಕೂತು ಹಾಳಾಗೋ ಸೋಫಾಗಿಂತ ಜೋಪಾನ ಮಾಡಿ ಹಾಳಾಗೋದೇ ಜಾಸ್ತಿ."

"ಮತ್ತೆ ಮಗಳ ಕಾಲೇಜಿಗೆ ನೀವು ಮಾಡಿರೋದೇನು?"

ಮೇಸ್ತ್ರಿ ಸುತ್ತಿಗೆ ಎತ್ತಿದ, ಹೊಡೆಯಲಿಲ್ಲ.

ಬೀಗದಕ್ಕ ಪುಟ್ಟಿಯ ಕಡೆ ತಿರುಗಿದಳು. "ನೋಟಿಸ್ ಬೋರ್ಡಲ್ಲಿ ಒಂಬತ್ತು ದಿನದಿಂದ ಒಂದು ಹಾಳೆ ಅಂಟಿಸಿದೆ. ಅಂಟಿಸಿದವಳು ನಾನೇ. ರಜೆಯಲ್ಲಿ ಆರು ವಾರ, ಊರಿನ ಬಾವಿ ನಲ್ಲಿ ನೀರು ತಂದು ಪರೀಕ್ಷೆ ಮಾಡೋ ಕೆಲಸ. ಕೆಮಿಸ್ಟ್ರಿ ಮೇಡಂ ಜೊತೆ. ಮೊದಲ ವರ್ಷದವರಿಗೆ ಎರಡು ಜಾಗ. ಶನಿವಾರ ಕೊನೇ ದಿನ. ಓದಿದೀಯಾ?"

ಪುಟ್ಟಿ ಓದಿದ್ದಳು. ಮೂರು ಸಲ ಓದಿದ್ದಳು. "ಅರ್ಜೀಲಿ ಟೀಚರ್ ಸಹಿ ಬೇಕು ಅಕ್ಕ. ನಾನು ಯಾರು ಅಂತಾನೇ ಯಾರಿಗೂ ಗೊತ್ತಿಲ್ಲ."

"ಅದೆಲ್ಲ ಬುದ್ಧಿವಂತರಿಗೆ ಬಿಡಿ" ಅಂದ ಮೇಸ್ತ್ರಿ.

"ಬುದ್ಧಿ ಏನು ತಾಯಿ ಹೊಟ್ಟೇಲೇ ಬಂದುಬಿಡುತ್ತಾ? ಇಪ್ಪತ್ತೆರಡು ವರ್ಷದಲ್ಲಿ ನಾನು ನೋಡಿದ್ದು ಹೇಳ್ತೀನಿ ಕೇಳಿ. ಮುಂದೆ ಬಂದ ಮಕ್ಕಳೆಲ್ಲ ಜಾಣರೇನಲ್ಲ. ಬಾಯಿಬಿಟ್ಟು ಕೇಳಿದವರು. ಬಾಯಿದ್ದವರು ಬರಗಾಲದಲ್ಲೂ ಬದುಕಿದ್ರಂತೆ. ನೀವು ನೋಡಿದ್ರೆ ಅವಳ ಬಾಯಿಗೆ ಬೀಗ ಹಾಕಿ ಕಳಿಸಿದೀರ. ಆ ಬೀಗ ತೆಗೆಯೋಕೆ ನನ್ನತ್ರ ಕೀಲಿಕೈ ಇಲ್ಲ ಮೇಸ್ತ್ರಿ."

ಮರುದಿನ ಕ್ಲಾಸು ಮುಗಿದ ಮೇಲೆ ಪುಟ್ಟಿ ಕೆಮಿಸ್ಟ್ರಿ ಮೇಡಂ ಕೋಣೆಯ ಮುಂದೆ ನಿಂತಳು. ಎರಡು ಸಲ ವಾಪಸು ಹೊರಟು, ಎರಡು ಸಲವೂ ತಿರುಗಿ ಬಂದಳು. ಕೊನೆಗೆ ಒಳಗೆ ಹೋದಾಗ ಮೇಡಂ ಕನ್ನಡಕವನ್ನು ಹಣೆಗೇರಿಸಿಕೊಂಡು ಉತ್ತರ ಪತ್ರಿಕೆ ತಿದ್ದುತ್ತಿದ್ದರು.

"ಯಾವ ಸೆಕ್ಷನ್?"

"ನಿಮ್ಮ ಕ್ಲಾಸೇ ಮೇಡಂ."

ಮೇಡಂ ಕನ್ನಡಕ ಇಳಿಸಿ ನೋಡಿದರು. "ಎಲ್ಲಿ ಕೂರ್ತೀಯ?"

"ಹಿಂದೆ. ಗೋಡೆ ಪಕ್ಕ."

ಪುಟ್ಟಿ ಚಾಚಿದ ಅರ್ಜಿಯನ್ನು ಮೇಡಂ ಓದಿ ಮೇಜಿನ ಮೇಲಿಟ್ಟರು. "ಗೊತ್ತಿಲ್ಲದವಳನ್ನ ಗೊತ್ತು ಅಂತ ಹೇಗಮ್ಮ ಸಹಿ ಹಾಕ್ಲಿ? ನಾಳೆ ಬಾ. ಬರುವಾಗ ಒಂದು ಪ್ರಶ್ನೆ ತಗೊಂಡು ಬಾ. ಪುಸ್ತಕದ ಹಿಂದೆ ಇರೋದು ಬೇಡ. ನಿನಗೆ ನಿಜವಾಗ್ಲೂ ಗೊತ್ತಿಲ್ಲದ್ದು, ಗೊತ್ತಾಗಲೇಬೇಕು ಅನ್ಸಿದ್ದು."

ಇಡೀ ಮಧ್ಯಾಹ್ನ ಪುಟ್ಟಿ ಪುಸ್ತಕ ತಿರುವಿದಳು. ಒಂದೂ ಸಿಗಲಿಲ್ಲ. ಗೊತ್ತಿಲ್ಲದ್ದು ಬೇಕಾದಷ್ಟಿತ್ತು, ಗೊತ್ತಾಗಲೇಬೇಕು ಅನ್ನಿಸಿದ್ದು ಯಾವುದು? ಸಾಕಾಗಿ ಬಂದು ಅಂಗಡಿಯ ಮೂಲೆಯಲ್ಲಿ ಕೂತಳು. ಅಪ್ಪ ಬೀಗದಕ್ಕನ ಕುರ್ಚಿಯ ಬಟ್ಟೆ ಹರಿಯುತ್ತಿದ್ದ. ಒಳಗಿನ ಸ್ಪಂಜು ಹಳದಿ ಪುಡಿಯಾಗಿ ನೆಲಕ್ಕೆ ಸುರಿಯಿತು. ಪುಟ್ಟಿಗೆ ಸೀನು ಬಂತು. ಹುಟ್ಟಿದಾಗಿನಿಂದ ಆ ಪುಡಿಗೆ ಸೀನಿದ್ದಾಳೆ, ದಿನಾ ಸಂಜೆ ಅದನ್ನು ಗುಡಿಸಿದ್ದಾಳೆ. ಮೆತ್ತಗಿದ್ದ ಸ್ಪಂಜು ಪುಡಿ ಯಾಕಾಗುತ್ತದೆ ಅಂತ ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ.

ಶುಕ್ರವಾರ ಮೇಡಂ ಮುಂದೆ ನಿಂತು ಅದನ್ನೇ ಕೇಳಿದಳು. ನಗುತ್ತಾರೇನೋ ಅಂದುಕೊಂಡಿದ್ದಳು.

"ಕೂತ್ಕೋ" ಅಂದರು ಮೇಡಂ.

ಕಾಲೇಜಿನಲ್ಲಿ ಅವಳಿಗೆ ಎದುರು ಕುರ್ಚಿ ತೋರಿಸಿದ್ದು ಅದೇ ಮೊದಲು. ಮೇಡಂ ಒಂದು ಹಾಳೆಯ ಮೇಲೆ ಉದ್ದ ಸರಪಳಿ ಬರೆದರು. "ಸ್ಪಂಜೊಳಗೆ ಇಂಥವು ಲೆಕ್ಕ ಇಲ್ಲದಷ್ಟು ಇರ್ತವೆ. ಗಾಳಿ, ಬೆಳಕು, ತೇವ ಈ ಸರಪಳಿಗಳನ್ನ ಅಲ್ಲಲ್ಲಿ ಕತ್ತರಿಸ್ತಾ ಹೋಗ್ತವೆ. ತುಂಡು ತುಂಡಾದ್ಮೇಲೆ ಪುಡಿ. ಆದ್ರೆ ನಿಮ್ಮಪ್ಪನ ಅಂಗಡೀಲಿ ಒಂದು ಬೇಗ ಹೋಗಿ ಇನ್ನೊಂದು ವರ್ಷಗಟ್ಟಲೆ ನಿಂತಿದ್ರೆ ಅದು ಯಾಕೆ ಅಂತ ನೋಡದೆ ಹೇಳೋಕಾಗಲ್ಲ. ತುಂಡುಗಳಿದ್ರೆ ತಗೊಂಡು ಬಾ."

ಹಾಗೆ ಹೇಳುತ್ತಲೇ ಸಹಿ ಹಾಕಿದರು.

ಪುಟ್ಟಿ ಓಡಿ ಬಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮೇಸ್ತ್ರಿ ಬಾಯೊಳಗಿನ ಮೊಳೆಗಳನ್ನು ತೆಗೆದು ಡಬ್ಬಿಗೆ ಹಾಕಿದ.

"ಮೇಡಂ ನಗಲಿಲ್ವಾ?"

"ಇಲ್ಲಪ್ಪ. ಸರಪಳಿ ಬರೆದು ತೋರಿಸಿದ್ರು."

ಮೇಸ್ತ್ರಿ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. "ಮೂವತ್ತು ವರ್ಷ ಆಯ್ತು ಪುಟ್ಟಿ, ಇದೇ ಪ್ರಶ್ನೆ ನನ್ನ ತಲೆ ತಿನ್ನೋಕೆ ಶುರುವಾಗಿ. ಗಿರಾಕಿ ಕೇಳಿದ್ರೆ ಮಾಲು ಸರಿಯಿಲ್ಲ ಅಂತ ಸಾಗಹಾಕ್ತಿದ್ದೆ. ನಾನು ಯಾರನ್ನ ಕೇಳ್ಲಿ? ನನಗೆ ಕೇಳೋಕೆ ಯಾರಿದ್ರು ಹೇಳು?" ಹೆಂಡತಿ ಯಂತ್ರದ ಮೇಲೆ ಕೈಯಿಟ್ಟುಕೊಂಡು ಗಂಡನನ್ನೇ ನೋಡಿದಳು. ಮೂವತ್ತು ವರ್ಷದಲ್ಲಿ ಇವನಿಗೂ ಒಂದು ಪ್ರಶ್ನೆ ಇತ್ತು ಅಂತ ಅವಳಿಗೆ ಗೊತ್ತಿರಲಿಲ್ಲ.

ಅವತ್ತು ಸಂಜೆ ಮೇಸ್ತ್ರಿ ಅಂಗಡಿಯನ್ನೆಲ್ಲ ಕೆದಕಿ ಹನ್ನೊಂದು ತುಂಡು ಆರಿಸಿದ. "ಇದು ಡಾಕ್ಟರ್ ಶಾಪಿನ ಬೆಂಚು, ಬಿಸಿಲಲ್ಲಿತ್ತು. ಇದು ಕತ್ತಲೆ ಕೋಣೇದು, ಇಪ್ಪತ್ತು ವರ್ಷ ಆದ್ರೂ ಗಟ್ಟಿ. ಬರ್ಕೋ, ಬರ್ಕೋ." ಪುಟ್ಟಿ ಬರೆದುಕೊಂಡಳು.

ಶನಿವಾರ ಅರ್ಜಿಯೂ ಹನ್ನೊಂದು ತುಂಡುಗಳೂ ಮೇಡಂ ಕೈ ಸೇರಿದವು. ಮುಂದಿನ ಬುಧವಾರ ಪಟ್ಟಿ ಬಂತು. ಎರಡು ಹೆಸರಿದ್ದವು. ಪುಟ್ಟಿಯದಿರಲಿಲ್ಲ.

ಮನೆಗೆ ಬಂದು ಹೇಳುವಾಗ ಅವಳಿಗೆ ಕೌಂಟರಿನ ಮಾತೇ ನೆನಪು. ಇನ್ನೇನು, ನಾನು ಹೇಳಿರಲಿಲ್ವಾ ಅನ್ನುತ್ತಾನೆ ಅಪ್ಪ ಅಂತ ಕಾದಳು.

"ಯಾಕಂತೆ?" ಅಂದ ಮೇಸ್ತ್ರಿ.

"ಗೊತ್ತಿಲ್ಲ."

"ಕೇಳ್ಲಿಲ್ವಾ?"

"ಇಲ್ಲ."

"ಕೊಡದಿದ್ರೆ ಬೇಡ, ಯಾಕೆ ಕೊಡಲಿಲ್ಲ ಅಂತಾದ್ರೂ ಗೊತ್ತಾಗಬೇಡ್ವಾ? ಒಂದು ಹೊಲಿಗೆ ಬಿಟ್ರೆ ಎಲ್ಲಿ ಬಿಟ್ತು ಅಂತ ನೋಡ್ತೀವಲ್ಲ. ನಾಳೆ ನಾನೂ ಬರ್ತೀನಿ. ಒಳಗೆ ಬರಲ್ಲ. ಹೊರಗೆ ಕೂತಿರ್ತೀನಿ. ಕೇಳೋದು ನೀನು."

ಮರುದಿನ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾರಿಡಾರಿನ ಬೆಂಚಿನ ತುದಿಯಲ್ಲಿ ಕೂತ. ಪುಟ್ಟಿ ಒಳಗೆ ಹೋದಳು.

ಮೇಡಂ ಮುಚ್ಚುಮರೆ ಮಾಡಲಿಲ್ಲ. "ನಿನ್ನ ಲ್ಯಾಬ್ ರೆಕಾರ್ಡ್ ತರಿಸಿ ನೋಡಿದೆ. ಪೂರ್ತಿ ಪಕ್ಕದವಳದ್ದೇ ನಕಲು. ಆ ನೀರನ್ನ ಜನ ಕುಡೀತಾರಮ್ಮ. ಪರೀಕ್ಷೆ ಮಾಡೋ ಕೈ ಪಳಗಿರಬೇಕು. ನಿನ್ನ ಕೈ ಇನ್ನೂ ಒದ್ದೆ ಆಗಿಲ್ಲ."

ನಾಚಿಕೆಯಿಂದ ಪುಟ್ಟಿಯ ಮುಖ ಕೆಂಪಾಯಿತು. ಹಳೆಯ ಪುಟ್ಟಿ ಆಗಿದ್ದರೆ ಸರಿ ಮೇಡಂ ಅಂದು ಹೊರಗೆ ಬರುತ್ತಿದ್ದಳು. ಅವಳು ಅಲ್ಲೇ ನಿಂತಳು.

"ಕೈ ಪಳಗೋಕೆ ನಾನೇನು ಮಾಡ್ಬೇಕು ಮೇಡಂ?"

"ಎರಡರಿಂದ ಐದರವರೆಗೆ ದಿನಾ ಲ್ಯಾಬ್ ತೆಗೆದಿರುತ್ತೆ. ಬರೋರು ಯಾರೂ ಇಲ್ಲ. ಬಾ. ಒಡೆದ್ರೆ ಒಡೀಲಿ. ಮುಂದಿನ ಸಲ ಜಾಗ ಕೊಡ್ತೀನಿ ಅಂತ ಮಾತು ಕೊಡಲ್ಲ, ಅರ್ಜಿ ಹಾಕೋವಷ್ಟು ಕಲಿಸ್ತೀನಿ. ನಿಮ್ಮಪ್ಪನ ಹನ್ನೊಂದು ತುಂಡು ಕಿಟಕಿ ಹತ್ರ ಇಟ್ಟಿದೀನಿ. ಅದನ್ನ ನೋಡಿ ಬರೆಯೋದು ನಿನ್ನ ಕೆಲಸ."

ಹೊರಗೆ ಬಂದವಳನ್ನು ನೋಡಿ ಮೇಸ್ತ್ರಿ ಎದ್ದು ನಿಂತ. "ಏನಂತೆ?"

"ನನ್ನದೇ ತಪ್ಪಂತೆ. ಇನ್ಮೇಲೆ ದಿನಾ ಐದು ಗಂಟೆವರೆಗೆ ಇರ್ಬೇಕಂತೆ."

"ಇವತ್ತಿಂದಾನಾ?"

"ಇವತ್ತಿಂದಾನೇ."

"ಹೋಗು ಮತ್ತೆ, ನನ್ನ ಮುಖ ಏನು ನೋಡ್ತೀಯ!"

ಅವಳು ಹೋದ ಮೇಲೆ ಮೇಸ್ತ್ರಿ ಅದೇ ಕಾರಿಡಾರಿನಲ್ಲಿ ನಿಂತು ಅಳಿಯನಿಗೆ ಫೋನು ಮಾಡಿದ. ಬಾಯಲ್ಲಿ ಮೊಳೆ ಇರಲಿಲ್ಲವಾದ್ದರಿಂದ ಮಾತು ಸ್ಪಷ್ಟವಾಗಿತ್ತು, ಸ್ವಲ್ಪ ಜೋರಾಗಿಯೂ ಇತ್ತು. "ಕೌಂಟರಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಇಲ್ಲ, ಈ ವರ್ಷಕ್ಕೆ ಅಂತಲ್ಲ. ಮುಂದಿನ ವರ್ಷಾನೂ ಬರಲ್ಲ. ಅವಳು ಓದ್ತಾಳೆ."

ಈ ವರ್ಷ ಕಾಲೇಜು ಸೇರಿದ ಮಕ್ಕಳೇ, ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮ ಲೈಬ್ರರಿ ಕಾರ್ಡ್ ಎಲ್ಲಿದೆ? ನೋಟಿಸ್ ಬೋರ್ಡನ್ನು ಕೊನೆಯ ಸಾಲಿನವರೆಗೆ ಓದಿದ್ದು ಯಾವಾಗ? ನಿಮ್ಮನ್ನು ಹೆಸರು ಹಿಡಿದು ಕರೆಯುವ ಒಬ್ಬ ಟೀಚರ್ ಇದ್ದಾರಾ? ಇಲ್ಲದಿದ್ದರೆ ಈ ವಾರವೇ ಹೋಗಿ ಒಂದು ಪ್ರಶ್ನೆ ಕೇಳಿ. ಲ್ಯಾಬಿನಲ್ಲಿ ಪಕ್ಕದವರ ಕೈ ನೋಡಬೇಡಿ, ನಿಮ್ಮ ಕೈ ಹಾಕಿ. ಒಂದು ಸಲ ಇಲ್ಲ ಅಂದರೆ ಯಾಕೆ ಅಂತ ಕೇಳಿ, ಸರಿ ಮಾಡಿಕೊಂಡು ಮತ್ತೆ ಹೋಗಿ. ಮುಂದಿನ ಸೆಮಿಸ್ಟರಿನಿಂದ ಅನ್ನಬೇಡಿ, ನಾಳೆಯಿಂದಲೇ ಶುರುಮಾಡಿ.

ಅಪ್ಪ ಅಮ್ಮಂದಿರೇ, ನಿಮಗೆ ಒಂದೇ ಕೆಲಸ. ಸಂಜೆ ಮಕ್ಕಳು ಬಂದಾಗ ಎಷ್ಟು ಮಾರ್ಕ್ಸ್ ಬಂತು ಅನ್ನುವ ಮೊದಲು, ಇವತ್ತು ಏನು ಕೇಳಿದೆ ಅಂತ ವಿಚಾರಿಸಿ. ನಿಮಗೆ ಕೇಳಲು ಯಾರೂ ಇರಲಿಲ್ಲ. ಅವರಿಗೆ ಇದ್ದಾರೆ.