ಅತ್ತೆ ಒತ್ತಿದ ಜಾಹೀರಾತು

ಬೆಳಿಗ್ಗೆ ಹತ್ತು ನಲವತ್ತಕ್ಕೆ ಜಾಹೀರಾತು ಕಂಪನಿಯ ಪತ್ರ ಬಂತು. ಅವಳ ಖಾತೆ ಮುಚ್ಚಿತ್ತು.

ಆಗ ಅವಳು ಹೊಲಿಗೆ ಯಂತ್ರವೊಂದನ್ನು ಮೇಜಿನ ಮೇಲೆ ಮಗ್ಗುಲಾಗಿಸಿ, ಒಳಗೆ ಸುತ್ತಿಕೊಂಡಿದ್ದ ದಾರವನ್ನು ಚಿಮಟದಿಂದ ಎಳೆಯುತ್ತಿದ್ದಳು. ಕೈ ಒರೆಸಿಕೊಂಡು ಪತ್ರವನ್ನು ಎರಡು ಸಲ ಓದಿದಳು. ನಿಮ್ಮ ವೆಬ್‌ಸೈಟಿನ ಜಾಹೀರಾತುಗಳನ್ನು ಯಾರೋ ಬೇಕೆಂದೇ ಮತ್ತೆ ಮತ್ತೆ ಒತ್ತಿದ್ದಾರೆ. ಎರಡು ತಿಂಗಳ ಗಳಿಕೆ ಜಾಹೀರಾತುದಾರರಿಗೆ ವಾಪಸು ಹೋಗುತ್ತದೆ. ಮನವಿ ಸಲ್ಲಿಸಲು ಒಂದೇ ಅವಕಾಶ. ಕೆಳಗೆ ಸಹಿ ಇರಲಿಲ್ಲ, ಮನುಷ್ಯರ ಹೆಸರೂ ಇರಲಿಲ್ಲ.

ಬಟ್ಟೆ ಕಾರ್ಖಾನೆಯಲ್ಲಿ ಯಂತ್ರ ರಿಪೇರಿಗಿದ್ದಾಗ ಅವಳನ್ನು ಎಲ್ಲರೂ ಎಣ್ಣೆ ಡಬ್ಬಿ ಎಂದೇ ಕರೆಯುತ್ತಿದ್ದರು. ಉದ್ದ ಮೂತಿಯ ಡಬ್ಬಿಯೊಂದು ಸದಾ ಅವಳ ಸೊಂಟದಲ್ಲಿರುತ್ತಿತ್ತು. ಕೆಲಸ ಬಿಟ್ಟು ಸ್ವಂತ ಅಂಗಡಿ ತೆರೆದಾಗ ತನ್ನ ವೆಬ್‌ಸೈಟಿಗೂ ಅದೇ ಹೆಸರಿಟ್ಟಳು. ಹೊಲಿಗೆ ತಪ್ಪಿದರೆ ಏನು ನೋಡಬೇಕು, ಸೂಜಿ ಯಾಕೆ ಮುರಿಯುತ್ತದೆ, ಬೆಲ್ಟ್ ಸಡಿಲವಾದರೆ ಎಷ್ಟು ಬಿಗಿಯಬೇಕು ಎಂದು ನಾನೂರ ಹನ್ನೆರಡು ಪುಟ ಬರೆದಿದ್ದಳು. ಪ್ರತಿ ಪುಟಕ್ಕೂ ಅವಳದೇ ಚಿತ್ರ. ಓದಲು ಯಾರೂ ದುಡ್ಡು ಕೊಡಬೇಕಿರಲಿಲ್ಲ. ಪುಟದ ಬಲಕ್ಕೊಂದು, ಅಡಿಗೊಂದು ಜಾಹೀರಾತಿನ ಚೌಕ. ಓದುವವರು ಅದನ್ನು ಒತ್ತಿದರೆ ಅವಳಿಗೆ ಚಿಲ್ಲರೆ ಸಿಗುತ್ತಿತ್ತು. ಹನಿ ಹನಿ ಕೂಡಿ ಅಂಗಡಿಯ ಬಾಡಿಗೆ ಹುಟ್ಟುತ್ತಿತ್ತು. ಅದು ನಿಂತರೆ ಷಟರ್ ಎಳೆದು ಕಾರ್ಖಾನೆಗೆ ಮರಳುವುದೊಂದೇ ದಾರಿ. ಅಲ್ಲಿನ ಮೇಸ್ತ್ರಿ ಅವಳು ಬಿಟ್ಟು ಹೊರಟ ದಿನ, "ಆರು ತಿಂಗಳು. ಆಮೇಲೆ ಬಂದು ಬಾಗಿಲು ತಟ್ತೀಯ" ಎಂದಿದ್ದ. ಅದಾಗಿ ಮೂರು ವರ್ಷ. ಅವಳು ಆ ಬಾಗಿಲ ಕಡೆ ತಿರುಗಿಯೂ ನೋಡಿರಲಿಲ್ಲ.

ಅಂಗಡಿಯ ಹಿಂದೆಯೇ ಮನೆ. ಅತ್ತೆ ಟೀ ತಂದಿಟ್ಟು ಸೊಸೆಯನ್ನು ನೋಡಿದರು.

"ಯಾಕೆ, ಒಡೆದ ಹಾಲಿನ ಹಾಗಿದೆ ಮುಖ?"

"ಯಾರೋ ನಮ್ಮ ಜಾಹೀರಾತುಗಳನ್ನ ಸುಮ್ಸುಮ್ನೆ ಒತ್ತಿದಾರಂತೆ, ಅತ್ತೆ. ದಿನಾ."

"ಸುಮ್ಸುಮ್ನೆ ಯಾಕೆ ಒತ್ತಲಿ? ನಿನಗೋಸ್ಕರ ಒತ್ತಿದ್ದು."

ಅವಳು ಚಿಮಟವನ್ನು ಕೆಳಗಿಟ್ಟಳು.

"ಊಟ ಆದ್ಮೇಲೆ ನಾವು ನಾಲ್ಕು ಜನ ಮೆಟ್ಟಿಲ ಮೇಲೆ ಕೂತ್ಕೊಂಡು ಒತ್ತೋದು," ಎಂದರು ಅತ್ತೆ, ಬಹುಮಾನ ಬಂದವರ ಧಾಟಿಯಲ್ಲಿ. "ತಲೆಗೆ ಹತ್ತು. ಮೇಲ್ಮನೆ ನರ್ಸಮ್ಮಂಗೆ ಕಣ್ಣು ಮಂಜು, ಪಾಪ. ಅವಳ ಹತ್ತೂ ನಾನೇ ಒತ್ತಿದೀನಿ. ಒಂದು ದಿನಾನೂ ತಪ್ಪಿಸಿಲ್ಲ. ನಿನಗೆ ಹೇಳೋದು ಬೇಡ, ಸಂಕೋಚ ಪಡ್ತೀಯ ಅಂತ ಸುಮ್ನಿದ್ವಿ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ಇಲ್ಲಿ ದೊಣ್ಣೆ ಹಿಡಿದವರು ಟೀ ತಂದಿಟ್ಟು ಎದುರಿಗೆ ಕೂತಿದ್ದರು. ಅತ್ತೆ ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಟಿಕೆಟ್ ಇಲ್ಲದ್ದಕ್ಕೆ ಸ್ವಂತ ಅಣ್ಣನನ್ನೇ ನಡುದಾರಿಯಲ್ಲಿ ಇಳಿಸಿದವರು. ಅವರಿಗೆ ಅರ್ಥವಾಗುವ ಭಾಷೆ ಯಾವುದೆಂದು ಅವಳಿಗೆ ಗೊತ್ತಿತ್ತು.

"ಅತ್ತೆ, ಬಸ್ಸಲ್ಲಿ ಜನರೇ ಇಲ್ಲ. ಆದ್ರೂ ನಲವತ್ತು ಟಿಕೆಟ್ ಹರಿದು, ಬಸ್ ತುಂಬಿತ್ತು ಅಂತ ಬರೆದ್ರೆ?"

ಅತ್ತೆಯ ಲೋಟ ತುಟಿಯ ಹತ್ತಿರವೇ ನಿಂತಿತು.

"ಸಸ್ಪೆಂಡ್ ಮಾಡ್ತಾರೆ," ಎಂದರು. "ಮಾಡಬೇಕು ಕೂಡ."

ಮಧ್ಯಾಹ್ನ ಎದುರು ಕಟ್ಟಡದ ಏಜೆಂಟ್ ಬಂದ. ವೆಬ್‌ಸೈಟುಗಳಿಗೂ ಆ್ಯಪುಗಳಿಗೂ ಜಾಹೀರಾತು ಹಿಡಿದುಕೊಡುವುದು ಅವನ ವ್ಯಾಪಾರ. ಇಂಥ ಸುದ್ದಿ ಅವನ ಮೂಗಿಗೆ ಬೇಗ ಬಡಿಯುತ್ತಿತ್ತು.

"ಅಕ್ಕಾ, ನನ್ನ ಹತ್ರ ರೆಡಿ ಕಾಗದ ಇದೆ. ನಮಗೇನೂ ಗೊತ್ತಿಲ್ಲ, ಆಗದವರು ಮಾಡಿಸಿದಾರೆ ಅಂತ. ಹತ್ತರಲ್ಲಿ ಆರು ಪಾಸಾಗುತ್ತೆ."

"ನಿಜ ಬರೆದ್ರೆ?"

"ನಿಜ ಬರೆದವರು ಯಾರೂ ನನ್ನ ಹತ್ರ ಬಂದಿಲ್ಲ. ಹಾಗಾಗಿ ಗೊತ್ತಿಲ್ಲ."

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಕನ್ನಡಕ ಏರಿಸಿಕೊಂಡಾಗಿತ್ತು.

"ನಾನು ಹೇಳ್ತೀನಿ, ನೀನು ಬರಿ. ಒತ್ತಿದ್ದು ನಾನು, ಇವಳ ಅತ್ತೆ. ನನ್ನ ಜೊತೆ ಮೂರು ಜನ ಇದ್ರು, ಅವರನ್ನ ಕರೆತಂದಿದ್ದೂ ನಾನೇ. ಸೊಸೆಗೆ ಗೊತ್ತಿರಲಿಲ್ಲ. ತಪ್ಪು ಅಂತ ಇವತ್ತು ಗೊತ್ತಾಯ್ತು, ಇನ್ನು ಒತ್ತಲ್ಲ. ಆ ದುಡ್ಡು ವಾಪಸ್ ತಗೊಳ್ಳಿ, ಅದು ನಮ್ಮದಲ್ಲ. ಆದ್ರೆ ಹೋದ ತಿಂಗಳು ಮಂಡಿ ನೋವಿನ ಎಣ್ಣೆ ಜಾಹೀರಾತು ಒತ್ತಿ ಎರಡು ಬಾಟಲಿ ತರಿಸಿದೀನಿ. ಆ ಒಂದು ಒತ್ತು ಅಸಲಿ. ಎಣ್ಣೆ ಮಾತ್ರ ನಕಲಿ."

"ಅಮ್ಮಾ, ಹೀಗೆ ಬರೆದ್ರೆ ಮುಗೀತು ಕಥೆ," ಎಂದ ಏಜೆಂಟ್.

"ಅಡಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ, ಮಗಾ," ಎಂದು ಅತ್ತೆ ಸೊಸೆಯ ಕಡೆ ತಿರುಗಿದರು. "ಬರಿ ನೀನು."

ಅವಳು ಒಂದಕ್ಷರ ಬದಲಿಸದೆ ಬರೆದು ಕಳಿಸಿದಳು. ಎಣ್ಣೆಯ ಮಾತನ್ನೂ ಬಿಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಉತ್ತರ ಬಂತು. ಮನವಿ ತಿರಸ್ಕೃತ, ಇನ್ನು ಪತ್ರ ವ್ಯವಹಾರ ಇಲ್ಲ. ಈ ಸಲವೂ ಸಹಿ ಇರಲಿಲ್ಲ. ಹಿಂದೆಯೇ ಏಜೆಂಟನೂ ಬಂದ, ಲ್ಯಾಪ್‌ಟಾಪ್ ಹಿಡಿದುಕೊಂಡು.

"ನಾನು ಹೇಳಲಿಲ್ವಾ ಅಕ್ಕಾ? ಹೋಗ್ಲಿ ಬಿಡಿ, ನನ್ನ ಖಾತೇಲಿ ನಡೆಸೋಣ. ಮೊದಲಿಗಿಂತ ಎರಡರಷ್ಟು ಕೊಡ್ತೀನಿ. ಒಂದೇ ಒಂದು ಬದಲಾವಣೆ."

ಪರದೆಯ ಮೇಲೆ ಅವಳದೇ ಪುಟ ಇತ್ತು: ದಾರ ಸಿಕ್ಕಿಕೊಂಡಾಗ ಬಾಬಿನ್ ಡಬ್ಬಿ ಬಿಚ್ಚುವ ಬಗೆ. ಆದರೆ ಅವಳ ಚಿತ್ರ ಇರಬೇಕಾದ ಕಡೆ ಅಂಗೈಯಗಲದ ಹಸಿರು ಗುಂಡಿ. "ಚಿತ್ರ ನೋಡಲು ಇಲ್ಲಿ ಒತ್ತಿ" ಎಂದು ಬರೆದಿತ್ತು. ಅವಳು ಒತ್ತಿದಳು. ಸಾಲ ಕೊಡುವ ಆ್ಯಪೊಂದು ತೆರೆದುಕೊಂಡಿತು. ಇನ್ನೊಮ್ಮೆ ಒತ್ತಿದಳು. ಜೂಜಾಟ ಬಂತು.

"ನನ್ನ ಚಿತ್ರ ಎಲ್ಲಿ?"

"ಐದನೇ ಸಲಕ್ಕೆ ಬರುತ್ತೆ. ಅಷ್ಟರಲ್ಲಿ ನಮ್ಮ ಕೆಲಸ ಆಗಿರುತ್ತೆ."

ಬಾಡಿಗೆಗೆ ಹನ್ನೊಂದು ದಿನ ಉಳಿದಿತ್ತು. ಎರಡರಷ್ಟು ಎಂಬ ಮಾತು ಅವಳ ಕಿವಿಯಲ್ಲೇ ಕೂತಿತ್ತು. ಹೋದ ವಾರ ದೂರದ ಟೈಲರ್ ಒಬ್ಬಳು ಇದೇ ಪುಟ ನೋಡಿ ಬರೆದಿದ್ದ ಕಾಗದವೂ ಮೇಜಿನ ಮೇಲಿತ್ತು. ನಾಳೆಗೆ ಕೊಡಬೇಕಾದ ಮೂವತ್ತು ಶಾಲಾ ಅಂಗಿಗಳು, ಯಂತ್ರ ನಿಂತಿದೆ, ಫೋನಿನ ಗಾಜು ಒಡೆದಿದೆ. ಚಿತ್ರ ನೋಡಿ ಬಿಚ್ಚಿದೆ, ಸರಿಹೋಯಿತು. ಹಸಿರು ಗುಂಡಿ ಆ ಟೈಲರನ್ನು ಎಲ್ಲಿಗೆ ಒಯ್ಯುತ್ತಿತ್ತು ಎಂಬುದಕ್ಕೆ ಹೆಚ್ಚು ಯೋಚನೆ ಬೇಕಿರಲಿಲ್ಲ.

"ನನ್ನತ್ತೆ ಖಾಲಿ ಬಸ್ಸಿಗೆ ಟಿಕೆಟ್ ಹರಿದ್ರು," ಎಂದಳು. "ನೀನು ಟಿಕೆಟ್ ಕೊಟ್ಟು ಜನರನ್ನ ಹಳ್ಳಕ್ಕೆ ಇಳಿಸ್ತೀಯ. ಆಗಲ್ಲ. ಲ್ಯಾಪ್‌ಟಾಪ್ ತಗೊಂಡು ಹೊರಡು."

ಏಜೆಂಟ್ ನಕ್ಕ. "ನೆಲಕ್ಕೆ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂದ್ರಂತೆ."

"ನಮಗೆ ಮೀಸೆನೇ ಇಲ್ವಲ್ಲಪ್ಪಾ," ಎಂದರು ಅತ್ತೆ ಒಳಗಿಂದ. "ಮಣ್ಣಾಗೋ ಚಿಂತೆ ನಿನಗಿರಲಿ."

ಅಂದೇ ಅವಳು ಎಲ್ಲ ಪುಟಗಳ ಚೌಕಗಳನ್ನೂ ಖಾಲಿ ಮಾಡಿದಳು. ಅವುಗಳಲ್ಲಿ ಎರಡು ಸಾಲು ಬರೆದಳು: ಈ ಜಾಗ ತಿಂಗಳ ಬಾಡಿಗೆಗಿದೆ. ಒತ್ತಿದರೂ ಒತ್ತದಿದ್ದರೂ ಬಾಡಿಗೆ ಒಂದೇ. ಕೆಳಗೆ ತನ್ನ ಹೆಸರು, ಫೋನ್ ನಂಬರ್, ಸಹಿ.

ಸಂಜೆ ಅವಳ ಗಂಡ ಕೆಲಸದಿಂದ ಬರುವ ಹೊತ್ತಿಗೆ ಅತ್ತೆ ತಮ್ಮ ಹಳೆಯ ಚರ್ಮದ ಕಂಡಕ್ಟರ್ ಚೀಲಕ್ಕೆ ಎಣ್ಣೆ ಹಚ್ಚಿ ಉಜ್ಜುತ್ತಿದ್ದರು. "ಮಂಡಿಗಂತೂ ಹತ್ತಲಿಲ್ಲ, ಚರ್ಮಕ್ಕಾದ್ರೂ ಹತ್ತಲಿ," ಎಂದರು. ಮರುದಿನದಿಂದ ಚೀಲ ಹೆಗಲಿಗೇರಿತು. ಸೂಜಿ ದಾರದ ಅಂಗಡಿಗಳ ಬೀದಿಯಲ್ಲಿ ಅವರು ಒಂದು ಕಡೆಯಿಂದ ಶುರು ಮಾಡಿದರು. ಮೊದಲ ಹದಿನಾಲ್ಕು ಅಂಗಡಿಗಳವರು ಆಗಲ್ಲ ಎಂದರು. ಇಬ್ಬರು ನಕ್ಕರು. ಹದಿನೈದನೆಯವನು, "ಎಷ್ಟು ಜನ ನೋಡ್ತಾರೆ ಅನ್ನೋಕೆ ಏನು ಗ್ಯಾರಂಟಿ ಅಜ್ಜೀ?" ಎಂದು ಕೇಳಿದ.

"ಇರೋದನ್ನೇ ಹೇಳ್ತೀನಿ. ಹೋದ ತಿಂಗಳು ಇಪ್ಪತ್ತೊಂದು ಸಾವಿರ ಜನ. ಅದರಲ್ಲಿ ನಾಲ್ಕು ಜನ ನಾವು. ನಮ್ಮನ್ನ ಕಳೆದ್ಕೋ."

ಅವನು ಬಾಬಿನ್ ಮತ್ತು ಸೂಜಿಯ ಸಗಟು ವ್ಯಾಪಾರಿ. ಅತ್ತೆಯ ಮುಖವನ್ನು ನೋಡಿ, ಕೂರಲು ಸ್ಟೂಲ್ ಎಳೆದು ಕೊಟ್ಟ.

ಬಾಡಿಗೆ ಕೊಡುವ ದಿನಕ್ಕೆ ಮೂರು ಅಂಗಡಿಗಳ ಜಾಹೀರಾತು ಬಂದಿತ್ತು. ಬಾಡಿಗೆಗೆ ಅಷ್ಟು ಸಾಲಲಿಲ್ಲ. ಅವಳು ಮನೆ ಮಾಲೀಕರ ಎರಡು ಯಂತ್ರಗಳನ್ನು ರಿಪೇರಿ ಮಾಡಿಕೊಟ್ಟು ಉಳಿದದ್ದನ್ನು ತೀರಿಸಿದಳು. ಸಗಟು ವ್ಯಾಪಾರಿಯ ಚೌಕ ಅಂದು ಮಧ್ಯಾಹ್ನ ಎರಡಕ್ಕೆ ಪುಟದ ಮೇಲೆ ಕಾಣಿಸಿಕೊಂಡಿತು. ಒತ್ತಿದರೆ ನೇರ ಅವನ ಅಂಗಡಿಗೆ ಫೋನ್ ಹೋಗುತ್ತಿತ್ತು. ಅತ್ತೆ ಸೊಸೆಯನ್ನು ಕೇಳಿ ಒಂದು ಸಲ ಒತ್ತಿದರು. ಅವನು ಫೋನ್ ಎತ್ತಿದ. ಅತ್ತೆ ಹದಿನಾರನೇ ನಂಬರಿನ ಸೂಜಿ ಒಂದು ಡಜನ್ ತರಿಸಿದರು.